ಮೋಟರ್‌ಹೋಮ್ ಸಂಚಾರ: ಹೊಸದಾಗಿ ಹೊರಡುವ ದಂಪತಿ ತಿಳಿದಿರಬೇಕಾದದ್ದು

ಜತ್ತ, ಅಕ್ಕಲಕೋಟೆ ಕಡೆಯಿಂದ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದವರು ರೊಟ್ಟಿಯ ಬುಟ್ಟಿ, ನೀರಿನ ಕೊಡ, ಕೌದಿ, ಎತ್ತಿನ ಮೇವು ಎಲ್ಲವನ್ನೂ ಗಾಡಿಯಲ್ಲೇ ಹೇರಿಕೊಳ್ಳುತ್ತಿದ್ದರು. ಕತ್ತಲಾದ ಕಡೆ ಕೊಳ್ಳ ಹರಿದು, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಗಾಡಿಯ ಅಡಿಯಲ್ಲೇ ಮಲಗಿ, ಬೆಳಗಾದರೆ ಮತ್ತೆ ಪ್ರಯಾಣ. ಯುರೋಪಿನಲ್ಲಿ ಮೋಟರ್‌ಹೋಮ್ ಎನ್ನುವ ವಾಹನದ ಹಿಂದಿರುವ ಆಸೆಯೂ ಇಷ್ಟೇ. ಎತ್ತಿನ ಜಾಗದಲ್ಲಿ ಡೀಸೆಲ್ ಇಂಜಿನ್ ಬಂದಿದೆ. ಒಲೆ, ಹಾಸಿಗೆ, ಫ್ರಿಜ್, ಬಚ್ಚಲು, ಪಾಯಖಾನೆ ಎಲ್ಲವೂ ಆರೇಳು ಮೀಟರ್ ಉದ್ದದ ಡಬ್ಬಿಯೊಳಗೆ ಸೇರಿಕೊಂಡಿವೆ.

ಇಂಜಿನ್ ಇರುವ ವಾಹನದ ಮೇಲೆಯೇ ಮನೆ ಕಟ್ಟಿದ್ದರೆ ಅದು ಮೋಟರ್‌ಹೋಮ್. ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಮನೆಯನ್ನು ಬ್ರಿಟನ್ನಿನವರು ಕ್ಯಾರವಾನ್ ಎನ್ನುತ್ತಾರೆ. ಅಮೆರಿಕದಲ್ಲಿ ಎರಡಕ್ಕೂ ಸೇರಿ ಆರ್.ವಿ. ಎಂಬ ಹೆಸರು. ನಮ್ಮ ದೇಶದಲ್ಲಿ ಇಂಜಿನ್ ಇರುವುದಕ್ಕೂ ಕ್ಯಾರವಾನ್ ಎಂದೇ ರೂಢಿಯಾಗಿದೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿ ಅದಕ್ಕೆ 'ಕೇರವಾನ್ ಕೇರಳ' ಎಂದು ಹೆಸರಿಟ್ಟಿತು. ಇಡುಕ್ಕಿ ಜಿಲ್ಲೆಯ ವಾಗಮಣ್‌ನಲ್ಲಿ ರಾಜ್ಯದ ಮೊದಲ ಕ್ಯಾರವಾನ್ ಪಾರ್ಕ್ 2022ರಲ್ಲಿ ತೆರೆಯಿತು. ಆದರೆ ಇಲ್ಲಿ ಬಾಡಿಗೆಗೆ ಸಿಗುವ ಗಾಡಿಯ ಜೊತೆ ಸಾಮಾನ್ಯವಾಗಿ ಡ್ರೈವರನೂ ಬರುತ್ತಾನೆ. ನೀರು ತುಂಬುವುದು, ಕೊಳೆ ಸುರಿಯುವುದು ಎಲ್ಲ ಅವನ ಪಾಲಿಗೆ. ಗಂಡ-ಹೆಂಡತಿ ಇಬ್ಬರೇ ಕೀಲಿಕೈ ಹಿಡಿದು ವಾರಗಟ್ಟಲೆ, ತಿಂಗಳುಗಟ್ಟಲೆ ಅಲೆಯುವುದು ಬ್ರಿಟನ್, ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಬೇರೂರಿದ ರೂಢಿ. ಇಲ್ಲಿ ಹೇಳಿರುವುದು ಹೆಚ್ಚಾಗಿ ಬ್ರಿಟನ್ನಿನ ರೀತಿ-ನೀತಿ. ಮಕ್ಕಳು ಅಲ್ಲಿ ನೆಲೆಸಿರುವ ಮನೆಗಳು ನಮ್ಮ ಗಡಿ ಊರುಗಳಲ್ಲೂ ಇವೆ.

ಈ ಹುಚ್ಚು ಹಳೆಯದು. ನೌಕಾದಳದಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ 'ದಿ ವಾಂಡರರ್' ಎಂಬ ಎರಡು ಕುದುರೆಗಳ ಮನೆ-ಗಾಡಿ ಮಾಡಿಸಿಕೊಂಡು ದಕ್ಷಿಣ ಇಂಗ್ಲೆಂಡಿನಿಂದ ಇನ್ವರ್‌ನೆಸ್‌ವರೆಗೆ ಹೋದರು. ದಾರಿ ಬಿಡಿಸಲೆಂದು ಅವರ ಆಳು ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದನಂತೆ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಕಪಾಟು ಕೂಡಿಸಿಕೊಟ್ಟ ಮೇಲೆ ಈ ಶೋಕಿ ಮಧ್ಯಮವರ್ಗಕ್ಕೂ ಇಳಿಯಿತು. ಇವತ್ತು ಯುರೋಪಿನ ಬಹಳಷ್ಟು ಮೋಟರ್‌ಹೋಮ್‌ಗಳು ಫಿಯೆಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದವು.

ಹೊಸ ಗಾಡಿ 60 ಸಾವಿರ ಪೌಂಡ್ ದಾಟುವುದು ಅಲ್ಲಿ ಸಾಮಾನ್ಯ. ಅರವತ್ತರ ಸುಮಾರಿನ ದಂಪತಿ ನಿವೃತ್ತಿಯ ಗಂಟಿನ ದೊಡ್ಡ ಪಾಲನ್ನು ಇದಕ್ಕೆ ಸುರಿದು, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬೇಸತ್ತು ನಷ್ಟಕ್ಕೆ ಮಾರಿದ್ದೂ ಉಂಟು. ಕಾರಣ ಹುಡುಕಿದರೆ ಓಡಿಸಲು ಬಾರದೆ ಕೈಬಿಟ್ಟವರು ಕಡಿಮೆ. ಊರಿನಲ್ಲಿ ಪಂಚಾಯಿತಿ, ವಿದ್ಯುತ್ ಮಂಡಳಿ, ಗ್ಯಾಸ್ ಏಜೆನ್ಸಿ, ಒಳಚರಂಡಿಯವರು ಬೇರೆ ಬೇರೆಯಾಗಿ ಮಾಡುವ ಕೆಲಸವನ್ನು ಈ ಗಾಡಿಯಲ್ಲಿ ಇಬ್ಬರೇ ದಿನವೂ ಮಾಡಬೇಕು. ಅದನ್ನು ಒಬ್ಬರೇ ಕಲಿತು ಇನ್ನೊಬ್ಬರು ಪಕ್ಕದ ಸೀಟಿನಲ್ಲಿ ಕುಳಿತಿದ್ದರೆ ಆಪತ್ತಿನ ದಿನ ಗಾಡಿ ಮೂರು-ಮೂರೂವರೆ ಟನ್ನಿನ ಹೊರೆಯಾಗಿಬಿಡುತ್ತದೆ.

ತೂಕದ ಲೆಕ್ಕ

ಮೊದಲು ತಿಳಿಯಬೇಕಾದದ್ದು ತೂಕ. ಕಬ್ಬಿನ ಗಾಡಿ ಕಾಟಾ ಹತ್ತುವುದನ್ನು ಕಂಡವರಿಗೆ, ಲಾರಿಯ 'ಪಾಸಿಂಗ್' ಎಷ್ಟು ಟನ್ ಎಂದು ಕೇಳಿ ಬಲ್ಲವರಿಗೆ ಇದು ಸುಲಭ. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರು ಸಾಮಾನ್ಯವಾಗಿ ಒಟ್ಟು 3,500 ಕಿಲೋ ಮೀರದ ಡೀಸೆಲ್, ಪೆಟ್ರೋಲ್ ಗಾಡಿಯನ್ನಷ್ಟೇ ಓಡಿಸಬಹುದು. ಅದಕ್ಕೂ ಮೊದಲು ಪಾಸಾದವರಿಗೆ 7,500 ಕಿಲೋವರೆಗೆ ಅವಕಾಶವಿದೆ. ಆದರೆ 70 ವರ್ಷವಾದಾಗ ಆ ಅವಕಾಶ ಉಳಿಸಿಕೊಳ್ಳಲು ವೈದ್ಯರ ತಪಾಸಣೆ ಬೇಕು. ಹೀಗಾಗಿ ಕಂಪನಿಗಳು ಹೆಚ್ಚಿನ ಗಾಡಿಗಳನ್ನು 3,500 ಕಿಲೋ ಮಿತಿಯೊಳಗೆ ಕೂಡಿಸಿ ಮಾರುತ್ತವೆ. ಕಾಗದದ ಮೇಲೆ ಎಲ್ಲ ಸರಿ. ತೊಂದರೆ ಸಾಮಾನು ಹೇರಿದ ಮೇಲೆ.

ಒಂದು ಉದಾಹರಣೆ ನೋಡಬಹುದು. ಸಿದ್ಧವಾಗಿ ನಿಂತ ಗಾಡಿಯ ತೂಕ 3,100 ಕಿಲೋ ಎಂದಿಟ್ಟುಕೊಳ್ಳಿ. ಇದರಲ್ಲಿ ಓಡಿಸುವವನ ತೂಕ 75 ಕಿಲೋ ಎಂದು ಮೊದಲೇ ಸೇರಿಸಿರುತ್ತಾರೆ. ಪಕ್ಕದಲ್ಲಿ ಕೂರುವವರನ್ನು ಸೇರಿಸಿರುವುದಿಲ್ಲ. ಮಿಕ್ಕಿದ್ದು 400 ಕಿಲೋ. ಹೆಂಡತಿ 65, ನೂರು ಲೀಟರ್ ನೀರು 100, ಬಾಗಿಲ ಬಳಿ ಚಾಚುವ ನೆರಳಿನ ಬಟ್ಟೆಯ ಚೌಕಟ್ಟು 30, ಎರಡು ಸೈಕಲ್ ಮತ್ತು ಅದರ ಸ್ಟ್ಯಾಂಡು 45, ಎರಡನೆಯ ಬ್ಯಾಟರಿ 25, ಮೇಜು-ಕುರ್ಚಿ 20, ಬಟ್ಟೆ-ಹಾಸಿಗೆ 60, ಪಾತ್ರೆ-ದಿನಸಿ 50. ಕೂಡಿಸಿದರೆ 395. ಇನ್ನು ಉಳಿದದ್ದು ಐದು ಕಿಲೋ! ಮೊಮ್ಮಗು ಒಂದು ದಿನಕ್ಕೆ ಜೊತೆಗೆ ಬರುತ್ತೇನೆಂದರೆ ಗಾಡಿ ಕಾನೂನು ಮೀರುತ್ತದೆ. ರಸ್ತೆಯಲ್ಲಿ ತಡೆದು ತೂಕ ಹಾಕಿದರೆ ದಂಡ, ಅಪಘಾತವಾದರೆ ವಿಮೆಯ ತಕರಾರು, ಟೈರ್ ಸಿಡಿಯುವ ಭಯ. ಕಂಪನಿಯ ಕಾಗದವನ್ನು ನಂಬದೆ ಸಾಮಾನು ಹೇರಿದ ಗಾಡಿಯನ್ನೇ ಒಮ್ಮೆ ಕಾಟಾ ಹತ್ತಿಸುವುದು ಜಾಣತನ. ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆ ಬೇರೆಯಾಗಿ ತೂಗಬೇಕು. ಒಟ್ಟು ತೂಕ ಮಿತಿಯಲ್ಲಿದ್ದರೂ ಹಿಂದಿನ ಅಚ್ಚಿನ ಮೇಲೆ ಭಾರ ಮೀರಿರುವುದು ಬಹಳ ಸಲ ಕಂಡುಬರುತ್ತದೆ. ಭಾರದ ಸಾಮಾನು ಕೆಳಗೆ, ಅಚ್ಚುಗಳ ನಡುವೆ. ಹಗುರವಾದದ್ದು ಮೇಲಿನ ಕಪಾಟಿಗೆ.

ನೀರು, ಕೊಳೆ

ನೂರು ಲೀಟರ್ ನೀರು ಇಬ್ಬರಿಗೆ ಎರಡು-ಮೂರು ದಿನ ಬರುತ್ತದೆ. ನಲ್ಲಿ ಬಿಟ್ಟುಕೊಂಡು ಸ್ನಾನ ಮಾಡುವ ಅಭ್ಯಾಸದವರಿಗೆ ಒಂದೇ ದಿನ. ಮೈ ನೆನೆಸಿ, ಶವರ್ ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳಬೇಕು. ಬೋರ್‌ವೆಲ್ಲಿನ ಮುಂದೆ ಕೊಡ ಸಾಲಿಟ್ಟು ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಚ್ಚಲ ನೀರು ಗಾಡಿಯ ಅಡಿಯ ಇನ್ನೊಂದು ಟ್ಯಾಂಕಿಗೆ ಹೋಗುತ್ತದೆ. ಅದನ್ನು ಗೊತ್ತುಪಡಿಸಿದ ಚರಂಡಿಯಲ್ಲೇ ಬಿಡಬೇಕು. ರಸ್ತೆಯ ಮೇಲೆ ಹರಿಯಬಿಡುತ್ತ ಹೋಗುವವರನ್ನು ಅಲ್ಲಿಯವರು ಕ್ಷಮಿಸುವುದಿಲ್ಲ.

ಪಾಯಖಾನೆಯ ಮಾತು ಎತ್ತಲು ಹೊಸಬರು ನಾಚುತ್ತಾರೆ, ಆದರೆ ಜಗಳ ಹುಟ್ಟುವುದು ಇಲ್ಲೇ. ಯುರೋಪಿನ ಗಾಡಿಗಳಲ್ಲಿ ಕಮೋಡಿನ ಕೆಳಗೆ ಸೂಟ್‌ಕೇಸಿನಂಥ ಪೆಟ್ಟಿಗೆ ಇರುತ್ತದೆ. ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಹಿಡಿಸುವುದು ಹದಿನೆಂಟು-ಇಪ್ಪತ್ತು ಲೀಟರಿನಷ್ಟು; ಇಬ್ಬರಿಗೆ ಎರಡು ದಿನ. ಹೊರಗಿನ ಸಣ್ಣ ಬಾಗಿಲಿನಿಂದ ಅದನ್ನು ಎಳೆದು, ಗಾಲಿಯ ಮೇಲೆ ಉರುಳಿಸಿಕೊಂಡು ಹೋಗಿ, ಅದಕ್ಕೆಂದೇ ಇರುವ ಗುಂಡಿಯಲ್ಲಿ ಸುರಿದು, ತೊಳೆದು, ವಾಸನೆ ಬಾರದಂತೆ ನೀಲಿ ದ್ರಾವಣ ಹಾಕಿ ಮರಳಿ ಕೂರಿಸಬೇಕು. ಸುರಿಯುವಾಗ ಗಾಳಿಯಾಡುವ ಗುಂಡಿಯನ್ನು ಒತ್ತಿ ಹಿಡಿಯದಿದ್ದರೆ ಗುಳುಗುಳು ಎಂದು ಸಿಡಿದು ಬಟ್ಟೆಯೆಲ್ಲ ಹಾಳು. ಕ್ಯಾಸೆಟ್ ತೊಳೆಯುವ ನಲ್ಲಿಯ ಪೈಪನ್ನು ಕುಡಿಯುವ ನೀರಿನ ಟ್ಯಾಂಕಿಗೆ ಎಂದೂ ಹಚ್ಚಬಾರದು. ಕುಡಿಯುವ ನೀರಿಗೆ ಸ್ವಂತ ಪೈಪು ಬೇರೆಯೇ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಚಳಿಗಾಲದಲ್ಲಿ ಮತ್ತೊಂದು ಗಾಬರಿ ಕಾದಿರುತ್ತದೆ. ಬೆಳಿಗ್ಗೆ ಎದ್ದರೆ ನೀರಿನ ಟ್ಯಾಂಕ್ ಖಾಲಿ, ಗಾಡಿಯ ಕೆಳಗೆಲ್ಲ ಒದ್ದೆ. ಪೈಪು ಒಡೆದಿಲ್ಲ. ತಾಪ 3 ಡಿಗ್ರಿಯ ಆಸುಪಾಸಿಗೆ ಇಳಿದರೆ ನೀರು ಹೆಪ್ಪುಗಟ್ಟಿ ಬಾಯ್ಲರ್ ಸೀಳದಿರಲೆಂದು ಕೆಲವು ಗಾಡಿಗಳಲ್ಲಿ ವಾಲ್ವ್ ತಾನಾಗಿ ತೆರೆದು ನೀರನ್ನು ಹೊರಗೆ ಬಿಡುತ್ತದೆ. ಇದು ತಿಳಿಯದೆ ಮೆಕ್ಯಾನಿಕ್‌ನನ್ನು ಕರೆಸಿ ದುಡ್ಡು ಕೊಟ್ಟವರಿದ್ದಾರೆ.

ಗ್ಯಾಸ್

ನಮ್ಮ ಅಡುಗೆ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಬ್ರಿಟನ್ನಿನಲ್ಲಿ ಬೇರೆ ಬೇರೆಯಾಗಿ ಮಾರುತ್ತಾರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ. ಚಳಿಯಲ್ಲಿ ಸಿಲಿಂಡರ್ ತುಂಬಿದ್ದರೂ ಒಲೆ ಹತ್ತದೆ, ಹೀಟರ್ ನಿಂತು, ಕಂಬಳಿ ಹೊದ್ದು ಕುಳಿತ ಹೊಸಬರ ಕಥೆಗೆ ಇದೇ ಕಾರಣ. ಒಂದು ದೇಶದ ಸಿಲಿಂಡರನ್ನು ಇನ್ನೊಂದು ದೇಶದಲ್ಲಿ ಸಾಮಾನ್ಯವಾಗಿ ಬದಲಿಸಿಕೊಡುವುದಿಲ್ಲ. ದೂರ ಹೋಗುವವರು ಬಂಕಿನಲ್ಲೇ ತುಂಬಿಸಬಹುದಾದ ಟ್ಯಾಂಕ್ ಕೂಡಿಸಿಕೊಳ್ಳುತ್ತಾರೆ. ಅದಕ್ಕೂ ದೇಶಕ್ಕೊಂದು ಬಗೆಯ ಅಡಾಪ್ಟರ್ ಬೇಕು.

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಗ್ಯಾಸ್ ಪೆಟ್ಟಿಗೆಯ ತಳದಲ್ಲಿ, ಗಾಡಿಯ ನೆಲದಲ್ಲಿ ತೂತುಗಳಿರುತ್ತವೆ. ಚಳಿಗಾಳಿ ಬರುತ್ತದೆಂದು ಅವಕ್ಕೆ ಬಟ್ಟೆ ತುರುಕುವುದು ಪ್ರಾಣಕ್ಕೇ ಕುತ್ತು. ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡಿಕೊಳ್ಳುವುದೂ ಅಷ್ಟೇ. ಮುಚ್ಚಿದ ಡಬ್ಬಿಯಲ್ಲಿ ಉರಿ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಇಜ್ಜಿಲು ಒಲೆಯನ್ನು, ಆರಿದಂತೆ ಕಂಡರೂ ಸರಿ, ಒಳಗೆ ತರಲೇಬಾರದು. ಈ ಅನಿಲ ಕಂಡರೆ ಕೂಗುವ ಅಲಾರಂ ಗಾಡಿಯಲ್ಲಿದೆಯೇ, ಅದರ ಗುಂಡಿ ಒತ್ತಿದರೆ ಸದ್ದು ಮಾಡುತ್ತದೆಯೇ ಎಂದು ಬಾಡಿಗೆ ಗಾಡಿಯಲ್ಲೂ ಮೊದಲ ರಾತ್ರಿಯೇ ನೋಡಬೇಕು.

ಕರೆಂಟು

ಕ್ಯಾಂಪ್ ಸೈಟಿನಲ್ಲಿ ಪ್ರತಿ ಗಾಡಿಯ ಜಾಗದ ಬಳಿ ಕರೆಂಟಿನ ಕಂಬವಿರುತ್ತದೆ. ನೀಲಿ ಮೂರು-ಪಿನ್ನಿನ ದಪ್ಪ ಪ್ಲಗ್ಗಿನಿಂದ ಗಾಡಿಗೆ ತಂತಿ ಎಳೆಯಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 16 ಆಂಪಿಯರ್, ಅಂದರೆ ನಮ್ಮ ಗೀಸರ್ ಪಾಯಿಂಟಿನಷ್ಟು. ಫ್ರಾನ್ಸ್, ಇಟಲಿಯ ಕೆಲವು ಕಡೆ 6 ಆಂಪಿಯರ್ ಮಾತ್ರ. 230 ವೋಲ್ಟಿನಲ್ಲಿ 6 ಆಂಪಿಯರ್ ಎಂದರೆ 1,380 ವ್ಯಾಟ್. ಮನೆಯಿಂದ ತಂದ ಎರಡು ಸಾವಿರ ವ್ಯಾಟಿನ ಕೆಟಲ್ ಹಾಕಿದ ಕೂಡಲೆ ಟ್ರಿಪ್. ಕೆಲವು ಸೈಟುಗಳಲ್ಲಿ ಆ ಸ್ವಿಚ್ಚು ಆಫೀಸಿನವರ ಬೀಗದೊಳಗಿರುತ್ತದೆ, ಬೆಳಗಿನವರೆಗೆ ಕತ್ತಲೆಯೇ ಗತಿ. ಚಹದ ನೀರನ್ನು ಗ್ಯಾಸಿನ ಮೇಲೆ ಕಾಯಿಸುವುದೇ ಲೇಸು.

ಕಂಬವಿಲ್ಲದ ಕಡೆ ಬ್ಯಾಟರಿಯೇ ಆಧಾರ. ಇಂಜಿನ್ನಿನ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ನೂರು ಆಂಪಿಯರ್-ಅವರ್‌ನ ಹಳೆಯ ಬಗೆಯ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅದಕ್ಕಿಂತ ಇಳಿಸುತ್ತ ಹೋದರೆ ಬಾಳಿಕೆ ಬರುವುದಿಲ್ಲ. ಎಂದರೆ ಕೈಗೆ ಸಿಗುವುದು 600 ವ್ಯಾಟ್-ಅವರ್ ಮಾತ್ರ. ಎಲ್‌ಇಡಿ ದೀಪ, ನೀರಿನ ಪಂಪು, ಫೋನು, ಸಣ್ಣ ಟಿ.ವಿ.ಗೆ ಇದು ಸಾಕು. ಕೂದಲು ಒಣಗಿಸುವ ಯಂತ್ರಕ್ಕೆ ಸಾಲದು. ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ ಮಿಕ್ಸರ್ ಹಾಕಿ ಬೈಸಿಕೊಂಡವರಿಗೆ ಬೇರೆ ವಿವರಣೆ ಬೇಡ. ಲಿಥಿಯಂ ಬ್ಯಾಟರಿ ಹಗುರ, ಹೆಚ್ಚು ಆಳಕ್ಕೆ ಬಳಸಬಹುದು, ಬೆಲೆ ಮಾತ್ರ ಜಾಸ್ತಿ.

ಹಿಂದಕ್ಕೆ ತೆಗೆಯುವಾಗ

ಕನ್ನಡಿಯಲ್ಲಿ ಹಿಂದಿನ ಗೋಡೆ ಕಾಣದ ವಾಹನವನ್ನು ಹಿಂದಕ್ಕೆ ತೆಗೆಯಲು ಇಬ್ಬರು ಬೇಕು. ನಮ್ಮ ಲಾರಿಯವರಲ್ಲಿ ಇದಕ್ಕೆ ಕ್ಲೀನರ್ ಇದ್ದಾನೆ. ಅವನು ಬಾಡಿ ಬಡಿದು "ಬರ್ಲಿ, ಬರ್ಲಿ, ಹೋಲ್ಡ್" ಎಂದರೆ ಡ್ರೈವರ್ ಮರುಮಾತಿಲ್ಲದೆ ಕೇಳುತ್ತಾನೆ. ಗಂಡ-ಹೆಂಡಿರ ನಡುವೆ ಆ ಶಿಸ್ತು ಬರುವುದು ಕಷ್ಟ. ಹೊಸ ದಂಪತಿ ಸೈಟಿಗೆ ಬಂದಿಳಿದು ಗಾಡಿ ಹಚ್ಚುವುದನ್ನು ನೋಡಲೆಂದೇ ಹಳಬರು ಕುರ್ಚಿ ತಿರುಗಿಸಿ ಕೂರುತ್ತಾರೆಂಬ ಹಾಸ್ಯ ಅಲ್ಲಿ ಹಳೆಯದು. ಮೊದಲೇ ನಾಲ್ಕು ಕೈಸನ್ನೆ ಗೊತ್ತುಮಾಡಿಕೊಂಡರೆ ಈ ಪ್ರದರ್ಶನ ತಪ್ಪುತ್ತದೆ: ಬಾ, ಎಡಕ್ಕೆ, ಬಲಕ್ಕೆ, ನಿಲ್ಲು. ಕೆಳಗೆ ನಿಂತವರ ಮುಖ ಕನ್ನಡಿಯಲ್ಲಿ ಕಾಣದ ಕ್ಷಣವೇ ಗಾಡಿ ನಿಲ್ಲಬೇಕು. ತಿರುವಿನಲ್ಲಿ ಹಿಂದಿನ ಚಕ್ರದಾಚೆ ಚಾಚಿಕೊಂಡ ಬಾಲ ಎದುರು ದಿಕ್ಕಿಗೆ ಬೀಸುತ್ತದೆ. ಬಂಕಿನ ಕಂಬಕ್ಕೆ ಉಜ್ಜುವುದು ಹೀಗೆ. ಗಾಡಿಯ ಎತ್ತರವನ್ನು ಅಡಿ-ಇಂಚು, ಮೀಟರ್ ಎರಡರಲ್ಲೂ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿಕೊಳ್ಳಬೇಕು. ಕಾರಿಗೆಂದು ಇರುವ ಫೋನಿನ ನಕ್ಷೆಗೆ ತಗ್ಗು ಸೇತುವೆಯ ಪರಿವೆಯಿಲ್ಲ.

ಹೊರಡುವ ಮುನ್ನ ಒಬ್ಬರಾದ ಮೇಲೆ ಒಬ್ಬರು ಗಾಡಿಯ ಸುತ್ತ ಒಂದು ಸುತ್ತು ಬರುವುದು ಒಳ್ಳೆಯದು. ಕರೆಂಟಿನ ತಂತಿ ಕಳಚಿದೆಯೇ, ಮೆಟ್ಟಿಲು ಒಳಗೆ ಹೋಗಿದೆಯೇ, ಚಾವಣಿಯ ಕಿಟಕಿ ಮುಚ್ಚಿದೆಯೇ, ಗ್ಯಾಸ್ ಬಂದಾಗಿದೆಯೇ, ಫ್ರಿಜ್ಜಿನ ಬಾಗಿಲಿಗೆ ಚಿಲಕ ಬಿದ್ದಿದೆಯೇ. ತಂತಿ ಕಳಚದೆ ಹೊರಟು ಕಂಬವನ್ನೇ ಕೀಳುವುದು ಹೊಸಬರ ಹೆಸರಾಂತ ಎಡವಟ್ಟು.

ಎಲ್ಲಿ ತಂಗಬಹುದು

ಕಂಡಲ್ಲಿ ನಿಲ್ಲಿಸಿ ಮಲಗಬಹುದೆಂಬುದು ತಪ್ಪು ಕಲ್ಪನೆ. ಇಂಗ್ಲೆಂಡಿನಲ್ಲಿ ಜಾಗದ ಒಡೆಯರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆ ಕಾಡು-ಬೆಟ್ಟಗಳಲ್ಲಿ ಓಡಾಡುವ ಹಕ್ಕು ಕೊಟ್ಟಿದೆ, ಅದು ಕಾಲ್ನಡಿಗೆ, ಸೈಕಲ್, ಕುದುರೆಯವರಿಗೆ, ಮೋಟಾರು ವಾಹನಕ್ಕಲ್ಲ. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ರಸ್ತೆಬದಿಯಲ್ಲಿ ಒಂದು ರಾತ್ರಿ ನಿಲ್ಲಿಸಲು ಅಡ್ಡಿಯಿಲ್ಲ, ಕುರ್ಚಿ-ಮೇಜು ಹೊರಗೆ ಹಾಕುವಂತಿಲ್ಲ. ಫ್ರಾನ್ಸಿನಲ್ಲಿ ಸಣ್ಣ ಊರುಗಳ ಪುರಸಭೆಗಳೇ ಮೋಟರ್‌ಹೋಮ್‌ಗೆಂದು 'ಏರ್' ಎಂಬ ತಂಗುದಾಣ ಮಾಡಿವೆ. ನೀರು, ಕೊಳೆ ಸುರಿಯುವ ವ್ಯವಸ್ಥೆ ಅಲ್ಲೇ ಇರುತ್ತದೆ, ಶುಲ್ಕವೂ ಕಡಿಮೆ. ಹೆದ್ದಾರಿಯ ವಿಶ್ರಾಂತಿ ತಾಣಗಳಿಗೂ ಇದೇ ಹೆಸರಿದೆ. ಅಲ್ಲಿ ರಾತ್ರಿ ಕಳ್ಳತನದ ಭಯವಿರುವುದರಿಂದ ಅನುಭವಿಗಳು ಮಲಗುವುದಿಲ್ಲ. ಬ್ರಿಟನ್ನಿನ ಸೈಟುಗಳಲ್ಲಿ ಬೆಂಕಿ ಹರಡದಿರಲೆಂದು ಗಾಡಿಗಳ ನಡುವೆ ಆರು ಮೀಟರ್ ಅಂತರವಿಡುತ್ತಾರೆ. ರೈತರ ಹೊಲದಂಚಿನಲ್ಲಿ ಐದೇ ಗಾಡಿಗಳಿಗೆ ಜಾಗವಿರುವ ಪುಟ್ಟ ಸೈಟುಗಳೂ ಇವೆ. ಹೊಸಬರಿಗೆ ಇವು ಹಿತ: ನೋಡಿ ನಗುವವರು ಕಡಿಮೆ.

ಇಬ್ಬರಿಗೂ ಬರಬೇಕು

ಹೆಚ್ಚಿನ ಜೋಡಿಗಳಲ್ಲಿ ಕೆಲಸ ತಾನಾಗಿ ಹಂಚಿಹೋಗುತ್ತದೆ. ಸ್ಟಿಯರಿಂಗು, ಗ್ಯಾಸು, ಕ್ಯಾಸೆಟ್ ಗಂಡನಿಗೆ. ಅಡುಗೆ, ನಕ್ಷೆ, ಹಾಸಿಗೆ ಹೆಂಡತಿಗೆ. ದಿನ ಸುಗಮವಾಗಿ ಸಾಗುತ್ತದೆ, ಆದ್ದರಿಂದಲೇ ಅಪಾಯ ಕಾಣುವುದಿಲ್ಲ. ಸ್ಪೇನಿನ ಯಾವುದೋ ಊರಿನಲ್ಲಿ ಗಂಡನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರೆ, ಆ ಏಳು ಮೀಟರ್ ಗಾಡಿಯನ್ನು ಒಂದು ದಿನವೂ ಓಡಿಸದ ಹೆಂಡತಿ ಗ್ಯಾಸ್ ಬಂದು ಮಾಡಲೂ ಅರಿಯದೆ ಪರಭಾಷೆಯ ಊರಿನಲ್ಲಿ ಒಂಟಿಯಾಗುತ್ತಾಳೆ. ಹೆಂಡತಿಗೆ ಕಾಯಿಲೆಯಾದರೆ ಔಷಧಿ, ಕಾಗದಪತ್ರ ಎಲ್ಲಿದೆಯೆಂದು ಗಂಡನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಮೊದಲ ವಾರದಿಂದಲೇ ದಿನಕ್ಕೆ ಅರ್ಧ ಗಂಟೆಯಾದರೂ ಹೆಂಡತಿ ಓಡಿಸಬೇಕು, ಖಾಲಿ ಮೈದಾನದಲ್ಲಿ ಹಿಂದಕ್ಕೆ ತೆಗೆದು ಅಭ್ಯಾಸ ಮಾಡಬೇಕು. ವಾರಕ್ಕೊಮ್ಮೆ ಕೆಲಸ ಅದಲುಬದಲಾಗಬೇಕು, ಕ್ಯಾಸೆಟ್ ಸಹಿತ. ವಿಮೆಯಲ್ಲಿ ಇಬ್ಬರ ಹೆಸರೂ ಇರಬೇಕು. ಕಾರಿಗೆ ಮಾಡಿಸಿದ ದಾರಿ-ನೆರವಿನ ವಿಮೆ ಈ ಉದ್ದ, ತೂಕದ ಗಾಡಿಗೆ ಅನ್ವಯಿಸುವುದೆಂದು ಎಣಿಸಬಾರದು, ಬರಹದಲ್ಲಿ ಕೇಳಿಕೊಳ್ಳಬೇಕು. ತುರ್ತಿಗೆ 112 ಸಂಖ್ಯೆ ಬ್ರಿಟನ್ನಿನಲ್ಲೂ ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ನಮ್ಮ ದೇಶದಲ್ಲೂ ಅದೇ.

ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ಪಡೆದು ನೋಡುವುದು ಲಾಭ. ಮನೆಯಿಂದ ಒಂದು ಗಂಟೆಯ ದಾರಿಯೊಳಗಿನ ಸೈಟಿನಲ್ಲಿ ಎರಡು ರಾತ್ರಿ, ಎರಡನೆಯ ರಾತ್ರಿ ಬೇಕೆಂದೇ ಕರೆಂಟಿನ ತಂತಿ ಕಳಚಿಟ್ಟು ಬ್ಯಾಟರಿಯ ಮೇಲೆ ಇದ್ದುನೋಡಬೇಕು. ಮಳೆಯ ದಿನವಾದರೆ ಇನ್ನೂ ಒಳ್ಳೆಯದು. ಆರು ಹೆಜ್ಜೆಯ ಮನೆಯಲ್ಲಿ ಇಬ್ಬರೂ ದಿನವಿಡೀ ಕೂತಿರಬಲ್ಲರೇ ಎಂಬುದು ಆಗಲೇ ಗೊತ್ತಾಗುತ್ತದೆ. ಹಳೆಯ ಗಾಡಿ ಕೊಳ್ಳುವುದಾದರೆ ಇಂಜಿನ್ನಿಗಿಂತ ಮೊದಲು ತೇವ ನೋಡಬೇಕು. ಗೋಡೆ-ಚಾವಣಿ ಕೂಡುವ ಸಂದಿಯಲ್ಲಿ ನೀರು ಇಳಿದು ಒಳಗಿನ ಮರ ಕೊಳೆತಿದ್ದರೆ ರಿಪೇರಿಗೆ ಗಾಡಿಯ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ತೇವ ಅಳೆಯುವ ಮೀಟರ್ 15ರೊಳಗೆ ತೋರಿಸಿದರೆ ನೆಮ್ಮದಿ, 20 ದಾಟಿದರೆ ಅನುಮಾನಪಡಬೇಕು. ಮೂಲೆಯಲ್ಲಿ ಮಗ್ಗಿದ ವಾಸನೆಯನ್ನು ಸುಗಂಧದಿಂದ ಮುಚ್ಚಿದ್ದರೆ ಅಲ್ಲಿಂದ ಹಿಂದಿರುಗುವುದೇ ವಾಸಿ.

ಇಲ್ಲಿಂದ ಮಕ್ಕಳ ಮನೆಗೆಂದು ಬ್ರಿಟನ್ನಿಗೆ ಹೋಗುವವರು ಭಾರತದ ಲೈಸೆನ್ಸಿನ ಮೇಲೆ 12 ತಿಂಗಳವರೆಗೆ ಅಲ್ಲಿ ಸಣ್ಣ ವಾಹನ ಓಡಿಸಬಹುದು. ಮಿತಿ 3,500 ಕಿಲೋ. ನಮ್ಮಲ್ಲಿ ಎಲ್.ಎಂ.ವಿ. ಎಂದರೆ 7,500 ಕಿಲೋವರೆಗೆ ಎಂಬ ಲೆಕ್ಕವನ್ನು ಅಲ್ಲಿ ಹಿಡಿಯಬಾರದು. ಬಾಡಿಗೆ ಕಂಪನಿಗಳು ವಯಸ್ಸಿಗೆ, ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತೆಂಬುದಕ್ಕೆ ತಮ್ಮದೇ ನಿಯಮ ಇಟ್ಟಿರುತ್ತವೆ. ಬ್ರಿಟನ್ನಿನ ವೀಸಾ ಇದೆಯೆಂದು ಗಾಡಿಯನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಇಳಿಯಲಾಗದು. ಅದಕ್ಕೆ ಶೆಂಗೆನ್ ವೀಸಾ ಬೇರೆಯೇ ಬೇಕು. ಬ್ರಿಟಿಷ್ ಪ್ರಜೆಗಳಿಗೂ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಲು ಅವಕಾಶ.